ಭಟ್ಕಳ: ಬಂದರಿನ ಸಿರಿ, ಬಸದಿಯ ಶಿಲೆ

ಪಡುವಣದಲ್ಲಿ ಅರಬ್ಬೀ ಸಮುದ್ರ, ಮೂಡಣದಲ್ಲಿ ಸಹ್ಯಾದ್ರಿಯ ಘಟ್ಟ. ಇವೆರಡರ ನಡುವಣ ಕಿರಿದಾದ ನೆಲದಲ್ಲಿ ಹೊಳೆಗೊಂದು ಬಂದರೆಂಬಂತೆ ಮಿರ್ಜಾನ, ಹೊನ್ನಾವರ, ಭಟ್ಕಳ, ಬಸರೂರು, ಬಾರಕೂರು, ಮಂಗಳೂರುಗಳು ಸಾಲುಗೊಂಡು ಬೆಳೆದುವು. ಇವುಗಳಲ್ಲಿ ಉತ್ತರ ಕನ್ನಡ ಜಿಲ್ಲೆಯ ದಕ್ಷಿಣದ ಅಂಚಿನಲ್ಲಿರುವ ಭಟ್ಕಳದ ಹೆಸರು ಒಂದು ಕಾಲದಲ್ಲಿ ಹೋರ್ಮುಜ್‌ನಿಂದ ಲಿಸ್ಬನ್ನಿನವರೆಗೂ ಕೇಳಿಬರುತ್ತಿತ್ತು. ಇಂದು ಆ ಹೆಸರನ್ನು ಕೇಳಿದ ಕೂಡಲೇ ನಮ್ಮ ಸಮಾಜದ ತರುಣರಿಗೆ ಬಸದಿಯ ನೆನಪಾಗುವುದು ವಿರಳ. ಆದರೆ ಹದಿನೈದು, ಹದಿನಾರನೆಯ ಶತಮಾನಗಳಲ್ಲಿ ಈ ಪಟ್ಟಣವನ್ನು ಆಳಿದವರು ಜೈನ ಅರಸರು. ಇಲ್ಲಿ ನೆಲೆನಿಂತ ಶ್ರಾವಕರು ಸಮುದ್ರವ್ಯಾಪಾರದ ಸಿರಿಯನ್ನು ಶಿಲೆಯಾಗಿಸಿ ನಿಲ್ಲಿಸಿಹೋದರು. ಆ ಶಿಲೆ ಉಳಿದಿದೆ. ಅದನ್ನು ನಿಲ್ಲಿಸಿದವರ ಕೇರಿ ಉಳಿದಿಲ್ಲ. ಹೊಸ ಬಿಂಬ ಪ್ರತಿಷ್ಠೆಯ ಈ ಮಂಗಳಸಂದರ್ಭದಲ್ಲಿ ಆ ಹಳೆಯ ಬಂದರಿನ ಕಥೆಯನ್ನು ಸ್ಮರಿಸುವುದು ಅಪ್ರಸ್ತುತವಾಗಲಾರದೆಂದು ಭಾವಿಸುತ್ತೇನೆ.

ಊರಿನ ಹೆಸರಿನ ಬಗೆಗೆ ಐತಿಹ್ಯಗಳು ಹಲವು. ಮಣಿಪುರವೆಂಬುದು ಇದರ ಪುರಾತನ ನಾಮವೆಂದು ಹೇಳುವವರುಂಟು. ಶಾಸನಗಳಲ್ಲಿ ಕಾಣುವ ಸೂಸಗಡಿ ಎಂಬ ಹೆಸರು ಇಂದಿಗೂ ಪಟ್ಟಣಕ್ಕೆ ಸೇರಿದ ಒಂದು ಗ್ರಾಮಕ್ಕೆ ಉಳಿದುಬಂದಿದೆ. ನಮ್ಮವರಲ್ಲಿ ಪ್ರಚಲಿತವಾಗಿರುವುದು, ವೈಯಾಕರಣಿ ಭಟ್ಟಾಕಲಂಕದೇವನಿಂದಲೇ ಭಟ್ಕಳಕ್ಕೆ ಆ ಹೆಸರು ಬಂದಿತೆಂಬ ಮಾತು. ಕೇಳಲು ಇದು ಬಲು ಹಿತವಾದ ಮಾತು. ಆದರೆ ‘ಕರ್ಣಾಟಕ ಶಬ್ದಾನುಶಾಸನ’ವನ್ನು ಭಟ್ಟಾಕಲಂಕನು ಪೂರೈಸಿದ್ದು 1604ರಲ್ಲಿ, ಪೋರ್ಚುಗೀಸರು ಅದಕ್ಕೆ ನೂರು ವರ್ಷಗಳ ಮೊದಲೇ ಈ ಬಂದರನ್ನು ‘ಬಟಿಕಲಾ’ ಎಂದು ಬರೆದಿದ್ದಾರೆ. ಆದುದರಿಂದ ಐತಿಹ್ಯವನ್ನು ಉಳಿಸಿಕೊಳ್ಳಬೇಕೆನ್ನುವವರು ಅದೇ ಗುರುಪರಂಪರೆಯ ಇನ್ನೂ ಹಿಂದಿನ ಅಕಲಂಕರೊಬ್ಬರನ್ನು ನೆನೆಯಬೇಕಾಗುತ್ತದೆ. ಹೆಸರಿನ ಮೂಲವೇನೇ ಇರಲಿ, ಜನರು ಒಂದು ಬಂದರಿನ ಹೆಸರನ್ನು ಒಬ್ಬ ಜೈನ ವಿದ್ವಾಂಸನೊಂದಿಗೆ ಜೋಡಿಸಿ ಇಷ್ಟು ಕಾಲ ನೆನಪಿಟ್ಟುಕೊಂಡಿದ್ದಾರೆಂಬುದೇ ಗಮನಾರ್ಹವಾದ ಸಂಗತಿ.

ಹಳೆಯ ಭಟ್ಕಳವು ಕಡಲ ದಂಡೆಯ ಮೇಲೆ ನೇರವಾಗಿ ಕುಳಿತ ಊರಲ್ಲ. ಶರಾಬಿ ಹೊಳೆಯ ಆಶ್ರಯದಲ್ಲಿ, ಸಮುದ್ರದಿಂದ ತುಸು ಒಳಗೆ ಬೆಳೆದ ಪಟ್ಟಣವದು. ಕರಾವಳಿಯ ಹಳೆಯ ಬಂದರುಗಳೆಲ್ಲ ಬಹುಮಟ್ಟಿಗೆ ಹೀಗೆಯೇ. ಅಳಿವೆಯ ಮೂಲಕ ನೀರಿನ ಭರತದೊಡನೆ ಹಡಗುಗಳು ಒಳಬರುವುವು. ಮಳೆಗಾಲದ ಬಿರುಗಾಳಿಗೂ ಕಡಲುಗಳ್ಳರ ಕಣ್ಣಿಗೂ ಪೇಟೆಯು ಸ್ವಲ್ಪ ಮರೆಯಾಗಿರುವುದು. ಹಿಂದೆ ಘಟ್ಟವಿದ್ದುದೇ ಭಟ್ಕಳದ ಭಾಗ್ಯ. ಘಟ್ಟದ ಮೇಲಿನ ಮೆಣಸು, ಅಡಿಕೆ, ಕಬ್ಬಿಣ, ಸಕ್ಕರೆ, ಅಕ್ಕಿಗಳು ಎತ್ತುಗಳ ಬೆನ್ನೇರಿ ಇಳಿಯುತ್ತಿದ್ದುವು. ಕಡಲಿನಿಂದ ಬಂದ ಕುದುರೆ, ಮುತ್ತು, ತಾಮ್ರಗಳು ಅದೇ ದಾರಿಯಿಂದ ಮೇಲೇರುತ್ತಿದ್ದುವು. 1520ರ ಸುಮಾರಿಗೆ ವಿಜಯನಗರಕ್ಕೆ ಹೋದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸನು ಭಟ್ಕಳದ ಈ ಮಾರ್ಗವನ್ನು ಕುರಿತು ಬರೆಯುತ್ತ, ದಾರಿಯುದ್ದಕ್ಕೂ ನೀರಿನ ಅನುಕೂಲವಿರುವುದರಿಂದ ವರ್ಷಕ್ಕೆ ಐದಾರು ಸಾವಿರ ಹೇರೆತ್ತುಗಳು ಇಲ್ಲಿಗೆ ಬರುವುವೆಂದು ಹೇಳಿದ್ದಾನೆ. ವಿಜಯನಗರದ ಅಶ್ವಸೇನೆಗೆ ಬೇಕಾದ ಕುದುರೆಗಳು ಈ ಬಂದರಿನಲ್ಲಿ ಇಳಿಯುತ್ತಿದ್ದುವು ಎಂದ ಮೇಲೆ, ಸಾಮ್ರಾಜ್ಯದ ಕಣ್ಣು ಸದಾ ಈ ಊರಿನ ಮೇಲಿತ್ತೆಂದು ಬೇರೆ ಹೇಳಬೇಕಾಗಿಲ್ಲ.

ಆದರೆ ವಿಜಯನಗರದ ಚಕ್ರವರ್ತಿಗಳು ಇಲ್ಲಿ ನೇರವಾಗಿ ಆಳಲಿಲ್ಲ. ಅವರ ಅಧೀನದಲ್ಲಿ ಈ ನಾಡನ್ನು ಆಳಿದವರು ಸಾಳುವ ವಂಶದ ಜೈನ ಮಂಡಳೇಶ್ವರರು. ಅವರ ಒಂದು ರಾಜಧಾನಿ ಹಾಡುವಳ್ಳಿ. ಭಟ್ಕಳದ ಮೂಡಣಕ್ಕೆ, ಘಟ್ಟದ ಬುಡದಲ್ಲಿ ಕಾಡಿನ ಮರೆಯಲ್ಲಿರುವ ಊರು. ‘ಹಾಡು’ ಎಂಬುದನ್ನು ಹಿಡಿದು ಸಂಸ್ಕೃತಜ್ಞರು ಅದನ್ನು ಸಂಗೀತಪುರವೆಂದು ಕರೆದರು. ಇನ್ನೊಂದು ನಗಿರೆ, ಎಂದರೆ ಶರಾವತಿಯ ದಡದ ಗೇರುಸೊಪ್ಪೆ. ಒಂದು ರಾಜಧಾನಿಗೆ ಭಟ್ಕಳ ಬಾಗಿಲಾದರೆ, ಮತ್ತೊಂದಕ್ಕೆ ಹೊನ್ನಾವರ ಬಾಗಿಲು. ಅರಮನೆ ಕಾಡಿನಲ್ಲಿ, ಬೊಕ್ಕಸ ಕಡಲಿನಲ್ಲಿ ಎಂಬ ಈ ವ್ಯವಸ್ಥೆಯನ್ನು ಮನದಲ್ಲಿಟ್ಟುಕೊಳ್ಳದಿದ್ದರೆ ಹಾಡುವಳ್ಳಿಯಂತಹ ಒಳನಾಡಿನ ಹಳ್ಳಿಯಲ್ಲಿ ಇಪ್ಪತ್ತನಾಲ್ಕು ತೀರ್ಥಂಕರರ ಬಿಂಬಗಳೂ ಗೇರುಸೊಪ್ಪೆಯ ಅರಣ್ಯದಲ್ಲಿ ಚತುರ್ಮುಖ ಬಸದಿಯೂ ಏಕಿವೆ ಎಂಬುದು ನಮಗೆ ಅರ್ಥವಾಗದು.

ಈ ಅರಸರ ಆಸ್ಥಾನಗಳು ಬರಿಯ ಸುಂಕದ ಕಟ್ಟೆಗಳಾಗಿರಲಿಲ್ಲ. ವಾದಿ ವಿದ್ಯಾನಂದ ಮುನಿಗಳ ಕೀರ್ತಿಯನ್ನು ಹೊಗಳುವ ಹುಂಚದ ಶಾಸನವು ಅವರು ವಾದದಲ್ಲಿ ಗೆದ್ದ ಸಭೆಗಳನ್ನು ಒಂದೊಂದಾಗಿ ಹೆಸರಿಸುತ್ತದೆ. ಅಲ್ಲಿ ಶ್ರೀರಂಗಪಟ್ಟಣದ ನಂಜರಾಜನ ಸಭೆ, ಬಿಳಿಗಿಯ ಸಭೆ, ಕಾರ್ಕಳದ ಭೈರರಸರ ಸಭೆ, ಕೃಷ್ಣದೇವರಾಯನ ಸಭೆಗಳ ಜೊತೆಗೆ ಸಾಳ್ವ ಮಲ್ಲಿರಾಯ, ಸಾಳ್ವ ದೇವರಾಯ ಹಾಗೂ ನಗಿರೆಯ ಅರಸರ ಸಭೆಗಳೂ ಇವೆ. ಇದೇ ಮನೆತನದ ಆಶ್ರಯದಲ್ಲಿದ್ದ ಸಾಳ್ವಕವಿಯು ‘ಸಾಳ್ವಭಾರತ’ವನ್ನೂ ‘ರಸರತ್ನಾಕರ’ವೆಂಬ ಲಕ್ಷಣಗ್ರಂಥವನ್ನೂ ರಚಿಸಿದನು. ನೇಮಿನಾಥ ತೀರ್ಥಂಕರರ ಚರಿತೆಯೊಡನೆ ಜೈನ ಪರಂಪರೆಯ ಭಾರತಕಥೆಯನ್ನು ಹೇಳುವ ಕಾವ್ಯವೊಂದು ಕುದುರೆ, ಮೆಣಸುಗಳ ಸುಂಕದಿಂದ ಪೋಷಿತವಾಯಿತೆಂದು ಹೇಳಿದರೆ ಅದರಲ್ಲಿ ಕಾವ್ಯಕ್ಕೆ ಅಗೌರವವೇನೂ ಇಲ್ಲ.

ಬಂದರೆಂದ ಮೇಲೆ ಅಲ್ಲಿ ಒಂದೇ ಜನ, ಒಂದೇ ಮತ ಇರಲು ಸಾಧ್ಯವಿಲ್ಲ. ಹದಿನಾಲ್ಕನೆಯ ಶತಮಾನದ ನಡುವೆ ಇಬ್ನ್ ಬತೂತನು ನೆರೆಯ ಹೊನ್ನಾವರದಲ್ಲಿ ತಂಗಿದ್ದಾಗ, ಆ ಒಂದು ಊರಿನಲ್ಲಿಯೇ ಮುಸಲ್ಮಾನ ಬಾಲಕಿಯರಿಗೆ 13, ಬಾಲಕರಿಗೆ 23 ಪಾಠಶಾಲೆಗಳಿದ್ದುದನ್ನು ಎಣಿಸಿ ಬರೆದಿದ್ದಾನೆ. ಅಂತಹ ವ್ಯಾಪಾರಿಗಳ ಸಂಘವನ್ನು ಕರಾವಳಿಯ ಕನ್ನಡ ಶಾಸನಗಳು ‘ಹಂಜಮಾನ’ ಎಂದು ಕರೆಯುತ್ತವೆ. ಪಾರಸಿಯ ‘ಅಂಜುಮನ್’ ಕನ್ನಡದ ನಾಲಗೆಯಲ್ಲಿ ಹೀಗೆ ಹದಗೊಂಡು, ಸೆಟ್ಟಿಗಳು ಮತ್ತು ‘ಹಲರು’ಗಳ ಪಕ್ಕದಲ್ಲಿ ಶಾಸನದ ಸಾಲಿಗೆ ಸೇರಿತು. ಭಟ್ಕಳದ ನವಾಯತರು ಇಂತಹ ಅರಬ್ಬೀ ವರ್ತಕರ ಸಂತತಿಯೆಂದು ಹೇಳಿಕೊಳ್ಳುತ್ತಾರೆ. ಕೊಂಕಣಿಗೆ ಹತ್ತಿರವಾದ ಅವರ ನವಾಯತಿ ಭಾಷೆಯಲ್ಲಿ ಅರಬ್ಬೀ, ಪಾರಸೀ ಪದಗಳು ಬೆರೆತಿವೆ. ಬರೆಯುವಾಗ ಆ ಲಿಪಿಯನ್ನೇ ಬಳಸುತ್ತಾರೆ. ಅವರಲ್ಲಿರುವ ‘ಶಾಬಂದ್ರಿ’ ಎಂಬ ಮನೆತನದ ಹೆಸರು ಬಂದರಿನ ಅಧಿಕಾರಿಗಿದ್ದ ‘ಶಹಾಬಂದರ್’ ಎಂಬ ಬಿರುದಿನ ಕುರುಹು. ಹುದ್ದೆ ಹೋಗಿ ನೂರಾರು ವರ್ಷಗಳಾದರೂ ಹೆಸರು ಮನೆಯ ಬಾಗಿಲಲ್ಲಿ ಉಳಿದಿದೆ.

ಹಾಗೆಯೇ ಸಾರಸ್ವತ ವರ್ತಕರು ಇಲ್ಲಿ ವೈಷ್ಣವ ದೇವಾಲಯಗಳನ್ನು ನಿರ್ಮಿಸಿದರು. ಅವುಗಳಲ್ಲಿ ಕೇತಪೈ ನಾರಾಯಣ ದೇವಾಲಯವು ಅಗ್ರಗಣ್ಯವಾದುದು. ಹದಿನಾರನೆಯ ಶತಮಾನದ ನಡುವೆ ಕಟ್ಟಲ್ಪಟ್ಟ ಆ ಪುಟ್ಟ ಗುಡಿಯ ಹೊರಗೋಡೆಯ ಮೇಲೆ ರಾಮಾಯಣದ ಪ್ರಸಂಗಗಳು ಸಾಲುಸಾಲಾಗಿ ಕೆತ್ತಲ್ಪಟ್ಟಿವೆ. ಶಾಂತಪ್ಪ ನಾಯಕನ ತಿರುಮಲ ದೇವಾಲಯ, ರಘುನಾಥ ದೇವಾಲಯ ಮೊದಲಾದವು ಇದೇ ಸಾಲಿಗೆ ಸೇರಿದುವು. ಬಸದಿಗಳನ್ನು ಕಟ್ಟಿದ ಶಿಲ್ಪಿಗಳ ಕೈಯೇ ಇವುಗಳ ಮೇಲೂ ಆಡಿದಂತೆ ಕಾಣುತ್ತದೆ; ಅದೇ ಕಲ್ಲುಹಾಸಿನ ಇಳಿಜಾರು ಮಾಡು, ಅದೇ ಬಗೆಯ ಶಿಲಾಜಾಲ. ಜೈನ ಅರಸರ ಪಟ್ಟಣದಲ್ಲಿ ನಾರಾಯಣನ ಗುಡಿ ಏಳುತ್ತಿದ್ದಾಗ ಕೆಲವು ಮಾರು ದೂರದಲ್ಲಿ ಪಾರ್ಶ್ವನಾಥರ ಬಸದಿಯೂ, ಮತ್ತೊಂದು ಬೀದಿಯಲ್ಲಿ ಮಸೀದಿಯೂ ಇದ್ದುವೆಂಬುದು ಊಹೆಯಲ್ಲ. ಇಂದಿಗೂ ಊರಿನೊಳಗೆ ನಡೆದು ನೋಡಬಹುದಾದ ಸತ್ಯ.

ಈ ನೆಮ್ಮದಿಯನ್ನು ಕಲಕಿದವರು ಪೋರ್ಚುಗೀಸರು. 1502ರಲ್ಲಿ ತನ್ನ ಎರಡನೆಯ ಯಾನದಲ್ಲಿ ವಾಸ್ಕೊ ಡ ಗಾಮನು ಭಟ್ಕಳದ ಮುಂದೆ ಲಂಗರು ಹಾಕಿ ಊರಿಗೆ ಬೆಂಕಿಯಿಟ್ಟನು. ತುರ್ಕರೊಡನೆ ವ್ಯವಹಾರ ಕೂಡದು, ಮೆಣಸನ್ನು ಮಾರಕೂಡದು, ಕಲ್ಲಿಕೋಟೆಗೆ ಹಡಗು ಹೋಗಕೂಡದು ಎಂಬ ಕಟ್ಟುಗಳನ್ನು ವಿಧಿಸಿ, ವರ್ಷಕ್ಕೆ ಸಾವಿರ ಹೇರು ಸಾಮಾನ್ಯ ಅಕ್ಕಿ, ಐನೂರು ಹೇರು ಉತ್ತಮ ಅಕ್ಕಿಯ ಕಪ್ಪವನ್ನು ಒಪ್ಪಿಸಿಕೊಂಡನೆಂದು ಅವರ ಬಖೈರುಗಳೇ ಹೇಳುತ್ತವೆ. ಸಾಮಾನ್ಯ ಅಕ್ಕಿ ನಾವಿಕರಿಗೆ, ಉತ್ತಮವಾದುದು ಕಪ್ತಾನರಿಗೆ! 1510ರಲ್ಲಿ ಅಲ್ಬುಕರ್ಕನು ಇಲ್ಲಿ ಕೋಟೆ ಕಟ್ಟಲು ಕೃಷ್ಣದೇವರಾಯನ ಅನುಮತಿಯನ್ನು ಬೇಡಿದನು. ಅದೇ ವರ್ಷ ಗೋವೆಯು ಅವನ ವಶವಾಯಿತು. ಅಲ್ಲಿಂದ ಮುಂದೆ ಕುದುರೆಯ ವ್ಯಾಪಾರವನ್ನೆಲ್ಲ ಗೋವೆಗೆ ಸೆಳೆದುಕೊಳ್ಳುವುದೇ ಪೋರ್ಚುಗೀಸರ ಹಟವಾಯಿತು. ಭಟ್ಕಳದ ಸಿರಿಗೆ ಮೊದಲ ಪೆಟ್ಟು ಬಿದ್ದುದು ಕತ್ತಿಯಿಂದಲ್ಲ, ಈ ಹಟದಿಂದ.

ಕತ್ತಿಯ ಪೆಟ್ಟು ಬಿದ್ದುದು 1542ರಲ್ಲಿ. ಆಗ ಭಟ್ಕಳವು ಒಬ್ಬ ರಾಣಿಯ ಆಳ್ವಿಕೆಯಲ್ಲಿತ್ತು. ಕಪ್ಪ ಬಾಕಿಯಿದೆ, ಕಡಲುಗಳ್ಳರಿಗೆ ಆಶ್ರಯವಿದೆ ಎಂಬ ನೆಪಗಳನ್ನೊಡ್ಡಿ ಪೋರ್ಚುಗೀಸ್ ಗವರ್ನರ್ ಮಾರ್ಟಿಂ ಅಫೊನ್ಸೊ ದ ಸೋಜನು ದೊಡ್ಡ ನೌಕಾಬಲದೊಡನೆ ಬಂದು ಊರನ್ನು ಹೊಕ್ಕನು. ಬೀದಿಗಳಲ್ಲಿ ಕಾದಾಟವಾಯಿತು. ಊರು ಸುಲಿಗೆಯಾಯಿತು, ಸುಡಲ್ಪಟ್ಟಿತು, ಸುತ್ತಲಿನ ತೋಟಗಳ ಮರಗಳನ್ನೂ ಕಡಿದು ಕೆಡವಲಾಯಿತು. ಆ ಗವರ್ನರನ ಹೆಸರು ಕರಾವಳಿಯಲ್ಲಿ ಬಹುಕಾಲ ಭೀತಿಯ ಮಾತಾಗಿ ಉಳಿಯಿತೆಂದು ಹೇಳುತ್ತಾರೆ.

ಇಲ್ಲಿಯೇ ನಮ್ಮ ಓದುಗರು ಒಂದು ಕ್ಷಣ ನಿಲ್ಲಬೇಕೆಂದು ನನ್ನ ಬಿನ್ನಹ. ಭಟ್ಕಳದ ಪಾರ್ಶ್ವನಾಥ ಬಸದಿಯ ನಿರ್ಮಾಣಕಾಲವನ್ನು ಅಲ್ಲಿನ ಶಾಸನವು ಶಕವರ್ಷ 1465 ಎಂದು ತಿಳಿಸುತ್ತದೆ. ಕ್ರಿಸ್ತಶಕಕ್ಕೆ ತಂದರೆ ಅದು 1543. ಎಂದರೆ, ಊರು ಸುಟ್ಟ ಮರುವರ್ಷ! ಐವತ್ತೆಂಟು ಅಡಿ ಉದ್ದ, ಹದಿನೆಂಟು ಅಡಿ ಅಗಲದ ಈ ಬಸದಿಯು ಗಾತ್ರದಲ್ಲಿ ಹಿರಿದಲ್ಲ. ಶಿಲ್ಪದ ಬೆಡಗಿಗಾಗಿ ಅದನ್ನು ನೋಡಲು ಹೋಗುವವರು ನಿರಾಶರಾಗಲೂಬಹುದು. ಆದರೆ ಆ ಎರಡು ವರ್ಷಗಳನ್ನು ಒಂದರ ಪಕ್ಕದಲ್ಲೊಂದನ್ನಿಟ್ಟು ನೋಡಿದಾಗ ಆ ಕಲ್ಲುಗಳ ತೂಕವೇ ಬೇರೆಯಾಗುತ್ತದೆ. ಸುಟ್ಟ ಮಳಿಗೆಗಳನ್ನು ಮತ್ತೆ ಎಬ್ಬಿಸಬೇಕಾಗಿದ್ದಾಗ, ಮುಂದಿನ ವರ್ಷದ ಹಡಗುಗಳು ಬರುವುವೋ ಬಾರವೋ ಎಂಬ ಶಂಕೆಯಿದ್ದಾಗ, ಕಲ್ಲು ತರಿಸಿ, ಶಿಲ್ಪಿಗಳಿಗೆ ಕೂಲಿ ಕೊಟ್ಟು, ಉಪಸರ್ಗವನ್ನು ಸಹಿಸಿ ಗೆದ್ದ ಪಾರ್ಶ್ವನಾಥರನ್ನೇ ಪ್ರತಿಷ್ಠೆಮಾಡಿದವರ ಮನಸ್ಸು ಎಂತಹುದಿದ್ದೀತು? ಕೆಲಸವು ಮೊದಲೇ ಆರಂಭವಾಗಿ, ದಾಳಿಯ ನಡುವೆ ನಿಂತು, ಬಳಿಕ ಪೂರ್ತಿಯಾಗಿರಲೂಬಹುದು. ಹಾಗಾಗಿದ್ದರೂ ಅದನ್ನು ಕೈಬಿಡಲಿಲ್ಲವಲ್ಲ. ಕಮಠನ ಮಳೆಬಿರುಗಾಳಿಗಳ ನಡುವೆ ಅಚಲವಾಗಿ ನಿಂತ ಸ್ವಾಮಿಯ ಕಥೆಯನ್ನು ಆ ವರ್ಷದ ಭಟ್ಕಳದ ಶ್ರಾವಕರು ಪುರಾಣವೆಂದು ಕೇಳಿರಲಾರರು.

ಗಾತ್ರದಲ್ಲಿಯೂ ರಚನೆಯಲ್ಲಿಯೂ ಹಿರಿದಾದುದು ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ. ಪ್ರಾಕಾರದ ನಡುವೆ ವಿಶಾಲವಾದ ಬಯಲಿನಲ್ಲಿ ನಿಂತಿರುವ ಇದು ಎರಡು ಕಟ್ಟಡಗಳನ್ನು ಸೇರಿಸಿದಂತಹ ರಚನೆ: ಅಗ್ರಶಾಲೆ ಮತ್ತು ಭೋಗಮಂಟಪ. 1883ರಲ್ಲಿ ಪ್ರಕಟವಾದ ಜಿಲ್ಲಾ ಗೆಜೆಟಿಯರಿನ ಅಳತೆಯಂತೆ ಒಟ್ಟು ಉದ್ದ 112 ಅಡಿ, ಮುಂಭಾಗದ ಅಗಲ 40 ಅಡಿ. ಅಗ್ರಶಾಲೆಗೆ ಎರಡು ನೆಲೆಗಳು, ಒಂದೊಂದು ನೆಲೆಯಲ್ಲಿ ಮೂರು ಮೂರು ಕೋಣೆಗಳು. ಅವುಗಳಲ್ಲಿ ಅರ, ಮಲ್ಲಿ, ಮುನಿಸುವ್ರತ, ನಮಿ ಮತ್ತು ಪಾರ್ಶ್ವನಾಥರ ಬಿಂಬಗಳಿದ್ದುವೆಂದೂ ಕೆಲವು ಆಗಲೇ ಭಿನ್ನವಾಗಿದ್ದುವೆಂದೂ ಅದೇ ವರದಿ ಹೇಳುತ್ತದೆ. ಮುಂಭಾಗದಲ್ಲಿ ವೃಷಭ, ಅಜಿತ, ಶಂಭವ, ಅಭಿನಂದನ ಮತ್ತು ಚಂದ್ರನಾಥರು. ಆದಿಯ ತೀರ್ಥಂಕರರಿಂದ ತೊಡಗಿ ಅಂತ್ಯದವರೆಗೆ ಒಂದು ಪ್ರದಕ್ಷಿಣೆಯಲ್ಲಿ ಸ್ಮರಿಸಿಕೊಂಡು ಬರುವಂತೆ ಈ ವಿನ್ಯಾಸವನ್ನು ಹೂಡಿದ್ದಿರಬೇಕು. ಅಂಗಳದಲ್ಲಿ ಹದಿನಾಲ್ಕು ಅಡಿ ಚೌಕದ ಜಗತಿಯ ಮೇಲೆ ಇಪ್ಪತ್ತೊಂದು ಅಡಿ ಎತ್ತರದ ಏಕಶಿಲಾ ಸ್ತಂಭವಿದೆ. ಬಸದಿಯ ಹಿಂಬದಿಗೆ ಯಕ್ಷಬ್ರಹ್ಮನ ಕಂಬವೆಂದು ಕರೆಯಲ್ಪಡುವ ಹತ್ತೊಂಬತ್ತು ಅಡಿಯ ಇನ್ನೊಂದು ಕಂಬ.

ಈ ಬಸದಿಯ ಮುಂದೆ ನಿಂತವರ ಕಣ್ಣನ್ನು ಮೊದಲು ಸೆಳೆಯುವುದು ಗೋಪುರವಲ್ಲ. ಏಕೆಂದರೆ ಗೋಪುರವೇ ಇಲ್ಲ. ಕರಾವಳಿಯಲ್ಲಿ ಜ್ಯೇಷ್ಠದಿಂದ ಭಾದ್ರಪದದವರೆಗೆ ಸುರಿಯುವ ಮಳೆಯನ್ನು ಬಲ್ಲವರು ಕಟ್ಟಿದ ಕಟ್ಟಡವಿದು. ಮರದ ಹಲಗೆಗಳನ್ನು ಹೊದಿಸಿದಂತೆ ಹಾಸುಗಲ್ಲುಗಳನ್ನು ಒಂದರ ಮೇಲೊಂದು ಚಾಚಿ ಇಳಿಜಾರು ಮಾಡನ್ನು ಹೊದಿಸಿದ್ದಾರೆ. ಜಗುಲಿಯ ಸುತ್ತ ಓರೆಯಾಗಿ ಜೋಡಿಸಿದ ಕಲ್ಲಿನ ಪಟ್ಟಿಗಳ ತೆರೆಯಿದೆ. ಇರಿಚಲು ಒಳಗೆ ಬಾರದು, ಗಾಳಿಬೆಳಕು ನಿಲ್ಲದು. ಬಿದಿರ ತಟ್ಟಿಯನ್ನೂ ಮರದ ಮುಚ್ಚಿಗೆಯನ್ನೂ ಕಟ್ಟಿ ಪಳಗಿದ ಕೈಗಳು ಅದೇ ಜ್ಞಾನವನ್ನು ಕಣಶಿಲೆಗೆ ವರ್ಗಾಯಿಸಿದುವು. ಮೂಡಬಿದಿರೆಯ ಬಸದಿಗಳನ್ನು ಕಂಡು ಫರ್ಗುಸನ್ ಎಂಬ ವಾಸ್ತುಪಂಡಿತನು ನೇಪಾಳದ ಕಟ್ಟಡಗಳನ್ನು ನೆನೆದನು; ಕರಾವಳಿಯ ಅಡಿಕೆ ಕೃಷಿಕನ ಮನೆಯ ಮಾಡನ್ನು ನೋಡಿದ್ದರೆ ಅವನು ಅಷ್ಟು ದೂರ ಹೋಗಬೇಕಾಗಿರಲಿಲ್ಲವೆಂದು ನನಗೆ ತೋರುತ್ತದೆ. ಮೂಡಬಿದಿರೆಯ ತ್ರಿಭುವನತಿಲಕ ಚೂಡಾಮಣಿ ಬಸದಿ 1430ರ ಸುಮಾರಿನದು. ಕಾರ್ಕಳದ ಚತುರ್ಮುಖ ಬಸದಿ 1586ರದು. ಭಟ್ಕಳದ ಬಸದಿಗಳು ಕಾಲದಲ್ಲಿಯೂ ಶೈಲಿಯಲ್ಲಿಯೂ ಈ ಎರಡರ ನಡುವೆ ಕುಳಿತಿವೆ. ಆದರೂ ಮೂಡಬಿದಿರೆ, ಕಾರ್ಕಳಗಳಿಗೆ ಯಾತ್ರೆ ಹೋಗುವ ನಮ್ಮ ಜನ ಭಟ್ಕಳದಲ್ಲಿ ಬಸ್ಸನ್ನು ನಿಲ್ಲಿಸುವುದಿಲ್ಲ.

ಇಷ್ಟನ್ನೆಲ್ಲ ಕಟ್ಟಲು ಹಣ ಎಲ್ಲಿಂದ ಬಂದಿತೆಂಬುದಕ್ಕೆ ಮೇಲೆ ಉತ್ತರ ಕೊಟ್ಟಾಗಿದೆ. ಏಕೆ ಹೀಗೆ ಸುರಿಯಲಾಯಿತೆಂಬುದಕ್ಕೆ ಉತ್ತರವು ಶ್ರಾವಕಾಚಾರದಲ್ಲಿದೆ. ಗೃಹಸ್ಥನ ಐದನೆಯ ಅಣುವ್ರತ ಪರಿಗ್ರಹಪರಿಮಾಣ. ಇಷ್ಟಕ್ಕೆ ಮೇಲ್ಪಟ್ಟುದು ನನ್ನದಲ್ಲವೆಂದು ಗೆರೆ ಎಳೆದ ವರ್ತಕನಿಗೆ, ಒಂದು ಹಡಗು ಕ್ಷೇಮವಾಗಿ ಬಂದರೆ ಆ ಗೆರೆಯನ್ನು ದಾಟಿದ ಹೊನ್ನಿಗೆ ದಾರಿ ಹುಡುಕಲೇಬೇಕಾಗುತ್ತದೆ. ಗೇರುಸೊಪ್ಪೆಯ ಶಾಸನವೊಂದು ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿನ ಅಂಬವಣ ಶ್ರೇಷ್ಠಿಯು ತನ್ನ ಅಜ್ಜ ಯೋಜಣ ಶ್ರೇಷ್ಠಿ ಕಟ್ಟಿಸಿದ ನೇಮಿನಾಥ ಚೈತ್ಯಾಲಯದ ಮುಂದೆ ಕಂಚಿನ ಮಾನಸ್ತಂಭವನ್ನು ನಿಲ್ಲಿಸಲು ಸಂಕಲ್ಪಿಸಿದನು. ಅಜ್ಜನದು ಬಸದಿ, ಮೊಮ್ಮಗನದು ಮಾನಸ್ತಂಭ. ಇಬ್ಬರೂ ಅರಸರಲ್ಲ, ಸೆಟ್ಟಿಗಳು.

1552ರಿಂದ 1606ರವರೆಗೆ, ಎಂದರೆ ಐವತ್ತನಾಲ್ಕು ವರ್ಷಗಳ ಕಾಲ, ಈ ನಾಡನ್ನು ಆಳಿದ ರಾಣಿ ಚೆನ್ನಭೈರಾದೇವಿಯ ಹೆಸರು ಈಗ ನಾಡಿಗೆಲ್ಲ ಪರಿಚಿತ. ಪೋರ್ಚುಗೀಸರು ಆಕೆಯನ್ನು ‘ಮೆಣಸಿನ ರಾಣಿ’ ಎಂದು ಕರೆದರು. 1569ರಲ್ಲಿ ವೈಸ್‌ರಾಯ್ ಲೂಯಿಸ್ ದ ಅತೈದೆಯು ಹೊನ್ನಾವರವನ್ನು ವಶಪಡಿಸಿಕೊಂಡ ಬಳಿಕವೂ ಆಕೆಯ ರಾಜ್ಯ ಕುಸಿಯಲಿಲ್ಲ. ಮೆಣಸು ಬೇಕಾದವರು ಮತ್ತೆ ಮತ್ತೆ ಆಕೆಯೊಡನೆಯೇ ಮಾತನಾಡಬೇಕಾಯಿತು. 1565ರಲ್ಲಿ ವಿಜಯನಗರವು ಮುರಿದುಬಿದ್ದ ಮೇಲೆ ಬೆನ್ನಿಗೆ ಆಸರೆಯಿಲ್ಲದೆ, ಎದುರಿಗೆ ಪೋರ್ಚುಗೀಸರನ್ನೂ ಪಕ್ಕದಲ್ಲಿ ಬೆಳೆಯುತ್ತಿದ್ದ ಕೆಳದಿಯನ್ನೂ ಇಟ್ಟುಕೊಂಡು ನಾಲ್ಕು ದಶಕಗಳನ್ನು ತಳ್ಳಿದುದು ಸಾಮಾನ್ಯವಾದ ರಾಜಕಾರಣವಲ್ಲ. 1606ರ ಸುಮಾರಿಗೆ ಕೆಳದಿಯ ವೆಂಕಟಪ್ಪ ನಾಯಕನು ಗೇರುಸೊಪ್ಪೆಯನ್ನು ಗೆದ್ದುಕೊಂಡನು. ಹದಿನೇಳು ವರ್ಷಗಳ ನಂತರ, 1623ರಲ್ಲಿ, ಇಕ್ಕೇರಿಗೆ ಹೋಗುತ್ತ ಅದೇ ದಾರಿಯಲ್ಲಿ ಬಂದ ಇಟಲಿಯ ಪಿಯೆತ್ರೊ ದೆಲ್ಲ ವಲ್ಲೆಯು ಅರಮನೆ, ನಗರಗಳು ಹಾಳುಬಿದ್ದು ಮರಗಿಡಗಳಿಂದ ಮುಚ್ಚಿಹೋಗಿದ್ದುದನ್ನು ಕಂಡನು. ರಾಣಿಯು ಒಬ್ಬ ಕೀಳು ಮನುಷ್ಯನಿಗೆ ಒಲಿದು ಕೆಟ್ಟಳೆಂಬ ಕಥೆಯೊಂದನ್ನೂ ಅವನು ಕೇಳಿ ಬರೆದುಕೊಂಡಿದ್ದಾನೆ. ಸೋತವರ ಮನೆಯ ಹೆಣ್ಣಿನ ಮೇಲೆ ಇಂತಹ ಕಥೆ ಹುಟ್ಟದ ನಾಡು ಎಲ್ಲಿದೆ? ಗೆದ್ದವರ ಸೀಮೆಯಲ್ಲಿ ದಾರಿಹೋಕನು ಕೇಳಿದ ಮಾತಿಗೆ ಇತಿಹಾಸದ ಬೆಲೆ ಕೊಡಬೇಕಾಗಿಲ್ಲ.

ಮುಂದಿನ ಕಥೆಯನ್ನು ಬೇಗ ಹೇಳಿ ಮುಗಿಸಬಹುದು. ಭಟ್ಕಳವು ಕೆಳದಿಯವರ ಕೈಸೇರಿತು. 1637ರಲ್ಲಿ ಇಂಗ್ಲಿಷರ ಒಂದು ವರ್ತಕ ತಂಡ ಬಂದು, ಇಕ್ಕೇರಿಯ ವೀರಭದ್ರ ನಾಯಕನನ್ನು ಕಂಡು, ಮೆಣಸಿಗಾಗಿ ಇಲ್ಲಿ ಕೋಠಿ ತೆರೆಯಿತು. ಅದು ಬಾಳಲಿಲ್ಲ. 1637-38ರ ತೇದಿಗಳನ್ನು ಹೊತ್ತ ಮೂರು ಇಂಗ್ಲಿಷ್ ಸಮಾಧಿಗಳು ಮಾತ್ರ ಉಳಿದಿವೆ. ಇಂಗ್ಲಿಷರ ನಾಯಿಯೊಂದು ಹಸುವನ್ನು ಕೊಂದುದರಿಂದ ಊರವರು ಕೆರಳಿ ಹದಿನೆಂಟು ಮಂದಿಯನ್ನೂ ಕೊಂದರೆಂದು ಅಲೆಗ್ಜಾಂಡರ್ ಹ್ಯಾಮಿಲ್ಟನ್ ಎಂಬ ನಾವಿಕನು ಬಹಳ ಕಾಲದ ಮೇಲೆ ಬರೆದ ಕಥೆಯನ್ನು ಎಷ್ಟರಮಟ್ಟಿಗೆ ನಂಬಬಹುದೋ ತಿಳಿಯದು. 1763ರಲ್ಲಿ ಬಿದನೂರಿನೊಡನೆ ಈ ಕರಾವಳಿಯೂ ಹೈದರನದಾಯಿತು, 1799ರಲ್ಲಿ ಇಂಗ್ಲಿಷರದಾಯಿತು. 1801ರಲ್ಲಿ ಬುಕನನ್ ಇಲ್ಲಿಗೆ ಬಂದಾಗ ಊರಿನಲ್ಲಿದ್ದುದು ಐನೂರು ಮನೆಗಳು. ಇಂದು ರಾಷ್ಟ್ರೀಯ ಹೆದ್ದಾರಿ ಊರನ್ನು ಸೀಳಿಕೊಂಡು ಹೋಗಿದೆ. 1998ರಿಂದ ಕೊಂಕಣ ರೈಲು ಓಡುತ್ತಿದೆ. ಮಾವಿನಕುರ್ವೆ, ತೆಂಗಿನಗುಂಡಿಗಳಲ್ಲಿ ಮೀನುಗಾರರ ದೋಣಿಗಳು ನಿಲ್ಲುತ್ತವೆ. ಸಂಜೆಯ ಪೇಟೆಯಲ್ಲಿ ಭಟ್ಕಳ ಮಲ್ಲಿಗೆಯ ಪರಿಮಳ ಹರಡುತ್ತದೆ. ಕುದುರೆ ಇಳಿಯುತ್ತಿದ್ದ ಬಂದರು ಮಾತ್ರ ಪುಸ್ತಕಗಳಲ್ಲಿದೆ.

ನಮ್ಮ ಶ್ರಾವಕರು ಎಲ್ಲಿ ಹೋದರು? ಇದಕ್ಕೆ ಒಂದೇ ದಿನದ, ಒಂದೇ ದುರಂತದ ಉತ್ತರವಿಲ್ಲ. 1542ರ ಬೆಂಕಿ ಅವರನ್ನು ಓಡಿಸಲಿಲ್ಲ. ಮರುವರ್ಷವೇ ಅವರು ಬಸದಿ ಕಟ್ಟಿದರೆಂಬುದನ್ನು ಕಂಡೆವು. ಅವರನ್ನು ಕರಗಿಸಿದುದು ಬೆಂಕಿಗಿಂತ ಮೆಲ್ಲನೆಯ ಸಂಗತಿ. ಕುದುರೆ ವ್ಯಾಪಾರ ಗೋವೆಗೆ ಹೋಯಿತು, ವಿಜಯನಗರದ ಬೇಡಿಕೆ ನಿಂತಿತು, ಜೈನ ಅರಸೊತ್ತಿಗೆ ಅಳಿಯಿತು. ವ್ಯಾಪಾರವಿಲ್ಲದೆಡೆ ವ್ಯಾಪಾರಿ ನಿಲ್ಲಲಾರ. ಒಂದು ಮನೆ ಮೂಡಬಿದಿರೆಯ ಕಡೆಗೆ, ಇನ್ನೊಂದು ಘಟ್ಟದ ಮೇಲಕ್ಕೆ. ಕೆಲವರು ಮತವನ್ನೇ ಬದಲಿಸಿದರೆಂಬ ಮಾತೂ ಪ್ರಚಲಿತದಲ್ಲಿದೆ. ಬಸದಿಗೆ ಬಿಟ್ಟ ಭೂಮಿ ಯಾರ ಕೈಯಲ್ಲಿದ್ದರೇನು, ಅಭಿಷೇಕದ ಹಾಲು ತರುವ ಮನೆ ಹತ್ತಿರದಲ್ಲಿರಬೇಕು. ಜಟ್ಟಪ್ಪ ನಾಯಕನ ಬಸದಿ ಈಗ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ. ಇಲಾಖೆಯು ಕಲ್ಲನ್ನು ಕಾಪಾಡಿದೆ, ಅದಕ್ಕಾಗಿ ನಾವು ಕೃತಜ್ಞರಾಗಿರಬೇಕು. ಸಂಘವನ್ನು ಕಾಪಾಡುವುದು ಇಲಾಖೆಯ ಕೆಲಸವಲ್ಲ. ಸುತ್ತಣ ನಾಡಿನಲ್ಲಿ ನಗರಬಸ್ತಿಕೇರಿ, ಬಸ್ತಿಮಕ್ಕಿ ಎಂದು ಸ್ಥಳನಾಮಗಳಲ್ಲಿ ‘ಬಸ್ತಿ’ ಉಳಿದಿದೆ. ಆ ಹೆಸರುಗಳನ್ನು ದಿನವೂ ಉಚ್ಚರಿಸುವ ಎಷ್ಟು ಮಂದಿಗೆ ಅದು ಬಸದಿ ಎಂದು ಹೊಳೆಯುವುದೋ!

ಆದರೆ ಎಲ್ಲವೂ ಕಲ್ಲಾಗಿ ಉಳಿಯಲಿಲ್ಲ. ಕಡಲಿ‌ನ ಬಾಗಿಲಲ್ಲಿದ್ದ ಭವ್ಯ ಬಸದಿ ಬರಿದಾದರೆ, ಕಾಡಿನ ಹಾಡುವಳ್ಳಿಯಲ್ಲಿ ಇಪ್ಪತ್ತನಾಲ್ಕು ತೀರ್ಥಂಕರರನ್ನು ಕೆಲವೇ ಮನೆಗಳ ಶ್ರಾವಕರು ಕೈಬಿಡದೆ ಕಾದುಕೊಂಡುಬಂದರು. ಅಲ್ಲಿನ ಗುರುಪೀಠದ ಪರಂಪರೆ ಘಟ್ಟವನ್ನೇರಿ ಸೋದೆಯಲ್ಲಿ ನೆಲೆಗೊಂಡಿತು. ‘ಕರ್ಣಾಟಕ ಶಬ್ದಾನುಶಾಸನ’ದ 592 ಸೂತ್ರಗಳನ್ನು ಸಂಸ್ಕೃತದಲ್ಲಿ ರಚಿಸಿ, ವೃತ್ತಿವ್ಯಾಖ್ಯಾನಗಳನ್ನೂ ತಾನೇ ಬರೆದು, ಕನ್ನಡವು ಶಾಸ್ತ್ರಕ್ಕೆ ಯೋಗ್ಯವಾದ ಭಾಷೆಯೆಂದು ವಾದಿಸಿದ ಭಟ್ಟಾಕಲಂಕದೇವನು ಈ ಪರಂಪರೆಯವನು. ಅವನು ಆ ಗ್ರಂಥವನ್ನು ಮುಗಿಸಿದ ಎರಡು ವರ್ಷಗಳಲ್ಲಿ ಗೇರುಸೊಪ್ಪೆ ಬಿದ್ದಿತು. ಗ್ರಂಥ ಬೀಳಲಿಲ್ಲ. ಓಲೆಯಿಂದ ಓಲೆಗೆ ಪ್ರತಿಯಾಗುತ್ತ ಬಂದು 1890ರಲ್ಲಿ ರೈಸ್ ಅವರ ಸಂಪಾದನೆಯಲ್ಲಿ ಅಚ್ಚಾಯಿತು. ಸೋದೆಯ ಪೀಠವನ್ನೇರಿದ ಭಟ್ಟಾರಕರಿಗೆ ಇಂದಿಗೂ ಭಟ್ಟಾಕಲಂಕ ಎಂಬ ನಾಮವೇ ಸಲ್ಲುತ್ತಿದೆ.

ಪ್ರತಿಷ್ಠಾ ಮಹೋತ್ಸವವನ್ನು ಮುಗಿಸಿ ಕ್ಷೇತ್ರಯಾತ್ರೆಗೆ ಹೊರಡುವ ಬಂಧುಗಳಲ್ಲಿ ಕೊನೆಯದಾಗಿ ಒಂದು ವಿನಂತಿ. ಭಟ್ಕಳದಲ್ಲಿ ಅರ್ಧ ದಿನ ಇಳಿಯಿರಿ. ಪಾರ್ಶ್ವನಾಥ ಬಸದಿಯನ್ನು ಮೊದಲು ನೋಡಿ, ಬಳಿಕ ಜಟ್ಟಪ್ಪ ನಾಯಕನ ಬಸದಿಗೆ ಹೋಗಿ, ಮಾನಸ್ತಂಭದ ಜಗತಿಯ ಬಳಿ ತುಸು ಕುಳಿತುಕೊಳ್ಳಿ. ಕೇತಪೈ ನಾರಾಯಣ ದೇವಾಲಯದ ಶಿಲ್ಪಗಳನ್ನು ಬಿಡದೆ ನೋಡಿ. ಮಧ್ಯಾಹ್ನದ ಹೊತ್ತಿಗೆ ಹಾಡುವಳ್ಳಿಯ ದಾರಿ ಹಿಡಿಯಿರಿ. ಮಳೆಗಾಲವಾದರೆ ಆ ದಾರಿ ತುಸು ಕಷ್ಟದ್ದು. ಮಾರ್ಗಶಿರದಿಂದ ಮುಂದೆ ಹೋಗುವುದು ಮೇಲು.